ತುಂಗಭದ್ರೆಯ ದಂಡೆಯಲ್ಲಿ ಬಂದವರು, ಇದ್ದವರು

ಹೊಸಪೇಟೆಯಿಂದ ಕಂಪ್ಲಿಗೆ ಇರುವ ದೂರ ಸುಮಾರು ಮೂವತ್ತು ಕಿಲೋಮೀಟರು. ಈ ಅಲ್ಪ ದೂರದ ದಾರಿಯಲ್ಲಿ ಒಂದು ದಿನ ಬಸ್ಸಿನಲ್ಲಿ ಕುಳಿತು ಕಿವಿ ತೆರೆದುಕೊಂಡು ಹೋದರೆ ಸಾಕು, ಕನ್ನಡ, ತೆಲುಗು, ಉರ್ದು, ಲಂಬಾಣಿ, ಮರಾಠಿ, ಈಚಿನ ವರ್ಷಗಳಲ್ಲಿ ಹಿಂದಿಯ ಹಲವು ಬಗೆಗಳು ಕೇಳಿಬರುತ್ತವೆ. ಇವುಗಳನ್ನಾಡುವ ಜನ ಒಂದೇ ಕಾಲದಲ್ಲಿ ಇಲ್ಲಿಗೆ ಬಂದವರಲ್ಲ. ಕೆಲವರು ದಂಡಿನೊಡನೆ ಬಂದರು, ಕೆಲವರು ಕುದುರೆಯ ವ್ಯಾಪಾರಕ್ಕೆ ಬಂದರು, ಕೆಲವರು ನೀರನ್ನು ಹುಡುಕಿಕೊಂಡು ಬಂದರು, ಮತ್ತೆ ಕೆಲವರು ಜೀವ ಉಳಿಸಿಕೊಳ್ಳಲು ಓಡಿಬಂದರು. ಹೊರಗಿನಿಂದ ಬಂದವರನ್ನು ಒಂದು ಊರು ಹೇಗೆ ಬರಮಾಡಿಕೊಳ್ಳಬೇಕು, ಬಂದವರೂ ಇದ್ದವರೂ ಒಟ್ಟಾಗಿ ಏಳಿಗೆ ಹೊಂದುವುದು ಹೇಗೆ ಎಂಬ ಪ್ರಶ್ನೆ ಇಂದು ಜಗತ್ತಿನ ದೊಡ್ಡ ದೊಡ್ಡ ನಗರಗಳನ್ನೆಲ್ಲ ಕಾಡುತ್ತಿದೆ. ಆ ಪ್ರಶ್ನೆಗೆ ಈ ಮೂವತ್ತು ಕಿಲೋಮೀಟರಿನ ನೆಲ ಕಳೆದ ಏಳುನೂರು ವರ್ಷಗಳಲ್ಲಿ ಬೇರೆ ಬೇರೆ ಉತ್ತರಗಳನ್ನು ಕೊಟ್ಟಿದೆ. ಆ ಉತ್ತರಗಳನ್ನು ಕ್ರಮವಾಗಿ ನಿಮ್ಮ ಮುಂದಿಡುವುದು ನನ್ನ ಉದ್ದೇಶ.

ಕಂಪ್ಲಿಯ ಹೆಸರು ಇತಿಹಾಸಕ್ಕೆ ಹಳೆಯದು. 11ನೆಯ ಶತಮಾನದಲ್ಲಿಯೇ ಅದು ಚಾಲುಕ್ಯ ಅರಸರ ಅರಮನೆಯಿದ್ದ ಊರು; ಆ ಅರಮನೆಯನ್ನು ಹಾಳುಗೆಡವಿದುದನ್ನು ಚೋಳ ರಾಜಾಧಿರಾಜನ ಶಾಸನಗಳು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಆದರೆ ಈ ಊರಿನ ಹೆಸರು ದೆಹಲಿಯವರೆಗೂ ಮುಟ್ಟಿದುದು 14ನೆಯ ಶತಮಾನದ ಮೊದಲ ಭಾಗದಲ್ಲಿ, ಕಂಪಿಲರಾಯನ ಕಾಲದಲ್ಲಿ. ಮುಮ್ಮಡಿ ಸಿಂಗೆಯ ನಾಯಕನ ಮಗನಾದ ಈ ಕಂಪಿಲನ ರಾಜ್ಯ ದೊಡ್ಡದೇನಲ್ಲ. ಉತ್ತರದಲ್ಲಿ ದೆಹಲಿಯ ಸುಲ್ತಾನರ ಅಧಿಕಾರ, ದಕ್ಷಿಣದಲ್ಲಿ ಹೊಯ್ಸಳರ ಅಧಿಕಾರ. ಇವುಗಳ ನಡುವೆ ಕುಮ್ಮಟದುರ್ಗ, ಆನೆಗೊಂದಿ, ಕಂಪ್ಲಿಗಳ ಸುತ್ತಣ ನಾಡು ಅವನದು.

1326ರ ಸುಮಾರಿಗೆ, ಈಗಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದ ಬಹಾಉದ್ದೀನ್ ಗುರ್ಶಾಸ್ಪನೆಂಬಾತ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ವಿರುದ್ಧ ಬಂಡೆದ್ದ. ಇವನು ಸುಲ್ತಾನನಿಗೆ ಹತ್ತಿರದ ಬಂಧು, ಅವನ ಸೋದರತ್ತೆಯ ಮಗ. ಯುದ್ಧದಲ್ಲಿ ಸೋತು, ಬೆನ್ನಟ್ಟಿ ಬಂದ ಸೈನ್ಯದಿಂದ ತಪ್ಪಿಸಿಕೊಂಡು ಹೆಂಡಿರು ಮಕ್ಕಳೊಡನೆ ಕಂಪಿಲರಾಯನ ಮೊರೆಹೊಕ್ಕ. ಮೊರೆಹೊಕ್ಕವನು ಅನ್ಯಧರ್ಮದವನು, ಅನ್ಯಭಾಷೆಯವನು, ಅಷ್ಟೇ ಅಲ್ಲ, ನಿನ್ನೆಯವರೆಗೆ ಶತ್ರುಪಕ್ಷದ ಅಧಿಕಾರಿಯಾಗಿದ್ದವನು. ಅವನನ್ನು ಒಪ್ಪಿಸಿಬಿಡು ಎಂಬ ಆಜ್ಞೆ ಬಂದಿತು. ಕಂಪಿಲ ಒಪ್ಪಿಸಲಿಲ್ಲ.

ಮುಂದಿನದನ್ನು ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತ ವಿವರವಾಗಿ ಬರೆದಿದ್ದಾನೆ. ಕೋಟೆಗೆ ಮುತ್ತಿಗೆ ಬಿದ್ದು ಕಾಳು ಕಡಿಮೆಯಾಗಿ, ಉಳಿಯುವ ಆಸೆಯಿಲ್ಲವೆಂದು ಖಚಿತವಾದಾಗ ಕಂಪಿಲ ತನ್ನ ಅತಿಥಿಯನ್ನು ಕರೆದು, ತಾನು ಮನೆಮಂದಿಯೊಡನೆ ಸಾಯಲು ನಿಶ್ಚಯಿಸಿರುವುದಾಗಿಯೂ, ಅವನು ಮಾತ್ರ ನೆರೆಯ ಅರಸನಲ್ಲಿಗೆ ಹೋಗಿ ಬದುಕಿಕೊಳ್ಳಬೇಕೆಂದೂ ಹೇಳಿ, ದಾರಿ ತೋರಿಸಲು ಜನವನ್ನು ಕೊಟ್ಟು ಕಳುಹಿಸಿದನಂತೆ. ಬಳಿಕ ಅರಮನೆಯ ಹೆಂಗಸರು ಬೆಂಕಿಗೆ ಬಿದ್ದರು. ಕಂಪಿಲ ಬಾಗಿಲು ತೆರೆದು ಹೊರಬಂದು ಹೋರಾಡಿ ಸತ್ತ. ಇದು 1327ರ ಮಾತು. ಗುರ್ಶಾಸ್ಪನನ್ನು ಕಳುಹಿಸಿದ್ದು ಹೊಯ್ಸಳ ಮೂರನೆಯ ಬಲ್ಲಾಳನಲ್ಲಿಗೆ. ಬಲ್ಲಾಳ ಅವನನ್ನು ಸುಲ್ತಾನನ ಕಡೆಯವರಿಗೆ ಒಪ್ಪಿಸಿಬಿಟ್ಟ, ತನ್ನ ರಾಜ್ಯವನ್ನು ಆ ಹೊತ್ತಿಗೆ ಉಳಿಸಿಕೊಂಡ. ಗುರ್ಶಾಸ್ಪನಿಗೆ ದೊರೆತದ್ದು ಚರ್ಮ ಸುಲಿಸಿಕೊಳ್ಳುವ ಘೋರ ಮರಣ. ಕೆಲವು ವರ್ಷಗಳ ಮೇಲೆ ದೆಹಲಿಯ ಆಸ್ಥಾನದಲ್ಲಿ ಇಬ್ನ್ ಬತೂತ ಕಂಪಿಲನ ಮಕ್ಕಳಲ್ಲಿ ಕೆಲವರನ್ನು ಕಂಡ. ಅವರು ಆಗ ಮುಸಲ್ಮಾನರಾಗಿ ಸುಲ್ತಾನನ ಸೇವೆಯಲ್ಲಿದ್ದರು. ಅವರಲ್ಲಿ ಒಬ್ಬ ತನಗೆ ಸ್ನೇಹಿತನಾಗಿದ್ದನೆಂದೂ ಅವನು ಬರೆದಿದ್ದಾನೆ. ಆಶ್ರಯ ಕೊಟ್ಟವನ ಮಕ್ಕಳು ಪರದೇಶದಲ್ಲಿ ಪರರ ಆಶ್ರಯದಲ್ಲಿ ಬಾಳಬೇಕಾಗಿ ಬಂತು.

ನಮ್ಮ ಜನ ಈ ಪ್ರಸಂಗವನ್ನು ತಮ್ಮದೇ ರೀತಿಯಲ್ಲಿ ನೆನಪಿಟ್ಟುಕೊಂಡಿದ್ದಾರೆ. ಕಂಪಿಲರಾಯನ ಮಗ ಕುಮಾರರಾಮ ನಂಜುಂಡ ಕವಿಯ ಸಾಂಗತ್ಯಕ್ಕೆ ನಾಯಕನಾದ. ಹಾಡಿನಲ್ಲಿ, ಬಯಲಾಟದಲ್ಲಿ ಬಂದ. ಊರೂರುಗಳಲ್ಲಿ ಅವನ ಶಿರಸ್ಸಿನ ಮೂರ್ತಿಗಳಿಗೆ ಪೂಜೆಯಾಯಿತು. ಕಾವ್ಯ ಅವನನ್ನು ಪರನಾರೀ ಸಹೋದರನೆಂದು ಕೊಂಡಾಡಿತು, ಮಲತಾಯಿ ರತ್ನಾಜಿಯ ಕಥೆಯನ್ನು ಬೆಳೆಸಿತು. ಮೊರೆಹೊಕ್ಕ ತುರುಕ ಸರದಾರನನ್ನೂ ಅದು ಬಿಟ್ಟಿಲ್ಲ. ಅವನು ಬಹದ್ದೂರನೆಂಬ ಹೆಸರಿನಿಂದ ಅಲ್ಲಿ ಬರುತ್ತಾನೆ, ಮರೆಹೊಕ್ಕವನನ್ನು ಕಾಯ್ದದ್ದು ರಾಮನ ಗುಣಗಳಲ್ಲಿ ಒಂದೆಂದು ಎಣಿಕೆಯಾಗುತ್ತದೆ. ಒಂದು ರಾಜ್ಯವೇ ಅಳಿದುಹೋದರೂ, ಆ ಆಶ್ರಯವನ್ನು ಕೊಡಬಾರದಿತ್ತು ಎಂದು ಜನ ಹಾಡಲಿಲ್ಲ ಎಂಬುದನ್ನು ನಾನು ಬಹಳ ಮುಖ್ಯವಾದ ಸಂಗತಿಯೆಂದು ಭಾವಿಸುತ್ತೇನೆ.

ಆದರೂ ಇತಿಹಾಸದ ವಿದ್ಯಾರ್ಥಿ ಇಲ್ಲಿಯೇ ನಿಲ್ಲುವಂತಿಲ್ಲ. ಕಂಪಿಲರಾಯ ಕೊಟ್ಟದ್ದು ಒಬ್ಬನಿಗೆ ಅಭಯ. ಅದು ಅರಸನ ಪ್ರಾಣದ ಮೇಲೆ ನಿಂತ ಆಶ್ರಯ; ಅವನು ಬಿದ್ದೊಡನೆ ಅದೂ ಬಿತ್ತು. ನೂರಾರು, ಸಾವಿರಾರು ಮಂದಿ ಬಂದು ನೆಲೆಸಬೇಕಾದರೆ, ಅವರು ತಲೆತಲಾಂತರ ಬಾಳಬೇಕಾದರೆ, ಒಬ್ಬನ ಔದಾರ್ಯ ಸಾಲದು. ಅದಕ್ಕೆ ವ್ಯವಸ್ಥೆ ಬೇಕು. ಆ ವ್ಯವಸ್ಥೆಯನ್ನು ಕಟ್ಟಿದವರು ಕಂಪಿಲಿಯ ಬೂದಿಯ ಮೇಲೆ, 1336ರಿಂದೀಚೆಗೆ ಎದ್ದುನಿಂತ ವಿಜಯನಗರದ ಅರಸರು. ಹರಿಹರ ಬುಕ್ಕರು ಮೊದಲು ಕಂಪಿಲನ ಸೇವೆಯಲ್ಲಿದ್ದರೆಂಬುದು ಕೆಲವು ವಿದ್ವಾಂಸರ ಮತ. ಅದು ಹೇಗೇ ಇರಲಿ, ಕಂಪಿಲಿಯ ಪಾಠ ಅವರ ಕಣ್ಣಮುಂದೆಯೇ ಇತ್ತು.

ವಿಜಯನಗರವನ್ನು ನಾವು ಸಾಮಾನ್ಯವಾಗಿ ಕೋಟೆ, ದೇವಾಲಯ, ದಸರೆಯ ವೈಭವಗಳ ಮೂಲಕ ನೋಡುತ್ತೇವೆ. ಅದನ್ನು ಹೊರಗಿನಿಂದ ಬಂದವರ ನಗರವೆಂದೂ ನೋಡಬಹುದು. ಕಮಲಾಪುರದಿಂದ ತಳವಾರಘಟ್ಟದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಕಟ್ಟಡವಿದೆ. ಚೌಕ ಕಂಬಗಳು, ಚಪ್ಪಟೆಯ ಮಾಡು. ದೂರದಿಂದ ನೋಡಿದವರು ದೇವಾಲಯದ ಮಂಟಪವೆಂದೇ ತಿಳಿಯಬೇಕು. ಒಳಗಿನ ಗೋಡೆಯಲ್ಲಿ ಮಿಹ್ರಾಬಿನ ಗೂಡಿದೆ. ಇದು ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್‌ಖಾನ 1439ರಲ್ಲಿ ಕಟ್ಟಿಸಿದ ಮಸೀದಿ. ಅಲ್ಲಿಯ ಶಾಸನ ಕನ್ನಡದಲ್ಲಿದೆ. ಅದರಲ್ಲಿ ಅವನು ಈ ಕಟ್ಟಡವನ್ನು ಧರ್ಮಸಾಲೆ ಎಂದು ಕರೆದಿದ್ದಾನೆ; ಅದನ್ನು ದೇವರಾಯನಿಗೆ ಪುಣ್ಯವಾಗಲೆಂದು ಕಟ್ಟಿಸಿದುದಾಗಿ ಹೇಳಿದ್ದಾನೆ. ಈ ಶಾಸನವನ್ನು ಓದುವಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ. ಬಂದವನು ತನ್ನ ದೇವರನ್ನು ಬಿಟ್ಟಿಲ್ಲ. ಆದರೆ ಊರಿನ ಭಾಷೆಯನ್ನು, ಊರಿನ ಶಿಲ್ಪಿಯನ್ನು, ಊರಿನ ಪುಣ್ಯದ ಕಲ್ಪನೆಯನ್ನು ತನ್ನದಾಗಿಸಿಕೊಂಡಿದ್ದಾನೆ. ಅರಸನೂ ಅವನಿಂದ ಅದಕ್ಕಿಂತ ಹೆಚ್ಚಿನದನ್ನು ಕೇಳಿದಂತೆ ಕಾಣುವುದಿಲ್ಲ.

ದೇವರಾಯನಿಗೆ ಇವರು ಬೇಕಾಗಿದ್ದುದು ಧರ್ಮಕ್ಕಾಗಿ ಅಲ್ಲ, ಕೆಲಸಕ್ಕಾಗಿ. ಬಹಮನಿ ಸೈನ್ಯದ ಬಿಲ್ಲುಗಾರರೂ ರಾವುತರೂ ತನ್ನವರಿಗಿಂತ ನಿಪುಣರೆಂಬುದನ್ನು ಕಂಡುಕೊಂಡ ಅವನು ಮುಸಲ್ಮಾನ ಯೋಧರನ್ನು ಸೇರಿಸಿಕೊಂಡು, ಅವರಿಗೆ ಉಂಬಳಿಗಳನ್ನು ಕೊಟ್ಟು, ತನ್ನ ಜನಕ್ಕೆ ಆ ವಿದ್ಯೆಯನ್ನು ಕಲಿಸಲು ನಿಯಮಿಸಿದನೆಂದು ಫಿರಿಷ್ತಾ ಬರೆಯುತ್ತಾನೆ. ಅವರು ಅರಸನಿಗೆ ತಲೆಬಾಗಿದರೆ ಅದು ತಮ್ಮ ಧರ್ಮಕ್ಕೆ ವಿರೋಧವಾಗದಿರಲೆಂದು ಸಿಂಹಾಸನದ ಮುಂದೆ ಕುರಾನನ್ನು ಇರಿಸಿದ್ದನಂತೆ. ಫಿರಿಷ್ತಾ ಬರೆದದ್ದು ಒಂದೂವರೆ ಶತಮಾನದಷ್ಟು ತಡವಾಗಿ. ಆದುದರಿಂದ ಈ ಮಾತಿನ ವಿವರಗಳನ್ನು ಎಚ್ಚರದಿಂದ ಒಪ್ಪಬೇಕು. ಆದರೆ ಅಹಮದ್‌ಖಾನನ ಕಲ್ಲು, ಕದಿರಾಂಪುರದ ಗೋರಿಗಳು ಸುಳ್ಳು ಹೇಳಲಾರವು. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾದಾಗ ಎರಡು ಕಡೆಯವರ ಕೈಗಳನ್ನೂ ಒಂದುಗೂಡಿಸಿ ತೀರ್ಪಿತ್ತ ಬುಕ್ಕರಾಯನ ಶಾಸನ ಶ್ರವಣಬೆಳಗೊಳದಲ್ಲಿ ಇರುವುದನ್ನೂ ಇದರೊಡನೆ ನೆನೆಯಬೇಕು. 16ನೆಯ ಶತಮಾನದ ಆರಂಭದಲ್ಲಿ ಈ ನಗರದ ವಿಚಾರ ಬರೆದ ಪೋರ್ಚುಗೀಸ್ ಬಾರ್ಬೊಸಾ, ಇಲ್ಲಿ ಯಾವ ಮತದವನೇ ಆಗಲಿ ಅಡ್ಡಿಯಿಲ್ಲದೆ ಬಂದು ಬಾಳಬಹುದು, ಅವನ ಮತವನ್ನು ಯಾರೂ ವಿಚಾರಿಸುವುದಿಲ್ಲ ಎಂಬ ಅರ್ಥದ ಮಾತನ್ನು ಹೇಳಿದ್ದಾನೆ. ಆ ಕಾಲದ ಯೂರೋಪಿನಿಂದ ಬಂದವನಿಗೆ ಇದು ಹೊಸ ಸಂಗತಿಯಾಗಿ ತೋರಿದ್ದರೆ ಸೋಜಿಗವಿಲ್ಲ.

ಕೃಷ್ಣದೇವರಾಯನಂತೂ ಇದನ್ನು ರಾಜನೀತಿಯ ಮಟ್ಟಕ್ಕೆ ಏರಿಸಿದ. ತನ್ನ ತೆಲುಗು ಕಾವ್ಯ ಆಮುಕ್ತಮಾಲ್ಯದದ ರಾಜನೀತಿ ಭಾಗದಲ್ಲಿ ಅವನು ಹೇಳುವ ತಾತ್ಪರ್ಯವಿದು: ಬಂದರುಗಳನ್ನು ಅಭಿವೃದ್ಧಿಪಡಿಸಬೇಕು, ಬಿರುಗಾಳಿಗೆ, ರೋಗಕ್ಕೆ ಸಿಕ್ಕಿ ದಡಸೇರುವ ಪರದೇಶದ ನಾವಿಕರನ್ನು ಅವರವರಿಗೆ ತಕ್ಕಂತೆ ಆರೈಕೆ ಮಾಡಬೇಕು, ಆನೆ ಕುದುರೆಗಳನ್ನು ತರುವ ದೂರದ ವರ್ತಕರಿಗೆ ನಗರದಲ್ಲಿ ಮನೆ, ನಾಡಿನಲ್ಲಿ ಹಳ್ಳಿ, ಆಸ್ಥಾನದಲ್ಲಿ ಮರ್ಯಾದೆ, ವ್ಯಾಪಾರದಲ್ಲಿ ಲಾಭ ದೊರೆಯುವಂತೆ ಮಾಡಿ ತನ್ನವರನ್ನಾಗಿಸಿಕೊಳ್ಳಬೇಕು, ಹಾಗಾದರೆ ಆ ಸರಕು ಶತ್ರುಗಳ ಪಾಲಾಗದು. ಇಲ್ಲಿ ದಯೆಯೂ ಇದೆ, ಲೆಕ್ಕಾಚಾರವೂ ಇದೆ. ಲೆಕ್ಕಾಚಾರವಿರುವುದರಿಂದ ದಯೆಯ ಬೆಲೆ ಕಡಿಮೆಯಾಯಿತೆಂದು ನನಗೆ ಅನ್ನಿಸುವುದಿಲ್ಲ. ಪರಸ್ಪರ ಪ್ರಯೋಜನವಿದ್ದ ಕಡೆ ಸ್ನೇಹ ಹೆಚ್ಚು ಕಾಲ ಬಾಳುತ್ತದೆ.

ಆ ರಾಯನೇ ನಾಗಲಾಪುರವನ್ನು ಕಟ್ಟಿದ; ಇಂದಿನ ಹೊಸಪೇಟೆ ಅದು. ಬರಿಯ ನೆಲದಲ್ಲಿ ಊರು ಕಟ್ಟಿದ ಮಾತ್ರಕ್ಕೆ ಜನ ಬಂದು ತುಂಬುವುದಿಲ್ಲ, ನೀರು ಬೇಕು. ಎರಡು ಬೆಟ್ಟಗಳ ನಡುವೆ ಒಂದು ಮಹಾ ಏರಿಯನ್ನು ಹಾಕಿಸಿದ. ಅದಕ್ಕಾಗಿ ಪೋರ್ಚುಗೀಸ್ ಗವರ್ನರನಿಂದ ಕಲ್ಲುಕೆಲಸದವರನ್ನು ತರಿಸಿಕೊಂಡನೆಂದೂ, ಜೊವಾವೊ ದೆಲ್ಲಾ ಪೊಂಟೆ ಎಂಬ ನಿಪುಣ ಬಂದನೆಂದೂ ನೂನಿಜ್ ಬರೆಯುತ್ತಾನೆ. ಅಲ್ಲಿ ಹದಿನೈದು ಇಪ್ಪತ್ತು ಸಾವಿರ ಮಂದಿ ದುಡಿಯುತ್ತಿದ್ದುದನ್ನು ಪಾಯೆಸ್ ಕಣ್ಣಾರೆ ಕಂಡ. ಏರಿ ಪದೇ ಪದೇ ಒಡೆದಾಗ ಅರವತ್ತು ಮಂದಿಯನ್ನು ಬಲಿಕೊಟ್ಟರೆಂಬ ಕಠೋರ ಸಂಗತಿಯನ್ನೂ ಅವನೇ ಬರೆದಿದ್ದಾನೆ. ಆ ವೈಭವದ ಅಡಿಯಲ್ಲಿ ಏನೇನು ಹೂತುಹೋಗಿದೆ ಎಂಬುದನ್ನು ಮರೆಯಬಾರದು.

ನನ್ನ ವಿಷಯಕ್ಕೆ ಮುಖ್ಯವಾದುದು ಅದರ ಮುಂದಿನ ಮಾತು. ಕೆರೆಯ ನೀರು ಹರಿಯುವ ನೆಲವನ್ನು ಜನರಿಗೆ ಒಂಬತ್ತು ವರ್ಷ ಕಂದಾಯವಿಲ್ಲದೆ ಬಿಟ್ಟುಕೊಟ್ಟನಂತೆ ರಾಯ. ಅಷ್ಟರೊಳಗೆ ಅವರು ನೆಲವನ್ನು ಹದಮಾಡಿಕೊಳ್ಳಬೇಕು, ತೋಟ ಗದ್ದೆಗಳನ್ನು ಎಬ್ಬಿಸಬೇಕು. ಅವಧಿ ಮುಗಿದ ಮೇಲೆ ಆ ನೆಲದಿಂದ ಬರುತ್ತಿದ್ದ ಆದಾಯ ಇಪ್ಪತ್ತು ಸಾವಿರ ಪರ್ದಾವುಗಳಿಗೆ ಏರಿತ್ತೆಂದು ನೂನಿಜ್ ಲೆಕ್ಕ ಕೊಡುತ್ತಾನೆ. ಇದು ಒಂದು ಊರಿನ ಮಟ್ಟಿಗೆ ಹೇಳಿದ ಮಾತಾದರೂ, ಪೇಟೆ ಕಟ್ಟುವಾಗ, ಸಂತೆ ನೆಲೆಗೊಳಿಸುವಾಗ, ನೇಕಾರರನ್ನು ಕರೆತರುವಾಗ ಬಂದು ನೆಲೆಸಿದವರಿಗೆ ಇಂತಿಷ್ಟು ವರ್ಷ ಸುಂಕವಿಲ್ಲ ಎಂದು ಬರೆದುಕೊಡುವುದು ಆ ಕಾಲದ ವಾಡಿಕೆ. ಆ ಬರೆದುಕೊಟ್ಟ ಮಾತಿಗೆ ಕೌಲು ಎಂದು ಹೆಸರು. ಕೌಲು ಎಂದರೆ ಕೊಟ್ಟ ಮಾತು, ಕರಾರು. ಆ ಶಬ್ದವೇ ಅರಬ್ಬಿಯಿಂದ ಬಂದು ಕನ್ನಡದಲ್ಲಿ ನೆಲೆಸಿದ ವಲಸೆಗಾರ!

ಇಂಥ ಕೌಲು ನಮ್ಮಲ್ಲಿ ಮಾತ್ರ ಇತ್ತೆಂದು ತಿಳಿಯಬೇಕಾಗಿಲ್ಲ. 1685ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ತನ್ನ ಪ್ರಾಟೆಸ್ಟಂಟ್ ಪ್ರಜೆಗಳಿಗಿದ್ದ ರಕ್ಷಣೆಯನ್ನು ಕಿತ್ತುಹಾಕಿದಾಗ, ಹ್ಯೂಗೆನಾಟರೆಂಬ ಆ ಜನ ದೇಶ ಬಿಟ್ಟು ಓಡಿದರು. ಅದೇ ವರ್ಷ ಬ್ರಾಂಡೆನ್‌ಬರ್ಗಿನ ಅರಸ ಪಾಟ್ಸ್‌ಡಾಮಿನಿಂದ ಒಂದು ಶಾಸನ ಹೊರಡಿಸಿ ಅವರನ್ನು ಕರೆದ. ನೆಲೆಸಲು ಜಾಗ, ಕೆಲವು ವರ್ಷಗಳ ತೆರಿಗೆ ವಿನಾಯಿತಿ, ತಮ್ಮ ಭಾಷೆಯಲ್ಲಿ ಪ್ರಾರ್ಥನೆ ಮಾಡುವ ಹಕ್ಕುಗಳನ್ನು ಅದರಲ್ಲಿ ಬರೆದುಕೊಟ್ಟ. ಯುದ್ಧದಿಂದ ಹಾಳಾಗಿದ್ದ ಆ ನಾಡಿನ ನೇಯ್ಗೆ ಕೈಗಾರಿಕೆಗಳನ್ನು ಅವರು ಎತ್ತಿನಿಲ್ಲಿಸಿದರು. 1700ರ ಹೊತ್ತಿಗೆ ಬರ್ಲಿನ್ ನಗರದ ಐವರಲ್ಲಿ ಒಬ್ಬ ಫ್ರೆಂಚನಾಗಿದ್ದನೆಂದು ಹೇಳುತ್ತಾರೆ. ನಾಗಲಾಪುರದ ಒಂಬತ್ತು ವರ್ಷದ ಮಾತು ಅದಕ್ಕಿಂತ ಒಂದೂವರೆ ಶತಮಾನದಷ್ಟು ಹಳೆಯದು.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು, ಎತ್ತಿದವರೂ ಇದ್ದಾರೆ. ಹೊರಗಿನವರನ್ನು ಇಷ್ಟು ನಂಬಿದ್ದರಿಂದಲೇ 1565ರಲ್ಲಿ ವಿಜಯನಗರ ಹಾಳಾಯಿತಲ್ಲವೆ? ಯುದ್ಧದ ನಡುವೆ ರಾಮರಾಯನ ಇಬ್ಬರು ಮುಸಲ್ಮಾನ ಸೇನಾನಿಗಳು ಪಕ್ಷ ಬದಲಿಸಿದರೆಂಬ ಮಾತನ್ನು ವೆನಿಸ್ಸಿನ ವರ್ತಕ ಸೀಸರ್ ಫೆಡರಿಚಿ ಬರೆದಿದ್ದಾನೆ. ಅವನು ನಗರಕ್ಕೆ ಬಂದದ್ದು 1567ರಲ್ಲಿ, ಯುದ್ಧ ಮುಗಿದ ಎರಡು ವರ್ಷಕ್ಕೆ; ಬರೆದದ್ದು ಕೇಳಿದ ಮಾತು. ಆ ಮಾತನ್ನು ಎಷ್ಟು ನಂಬಬೇಕೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಒಂದು ವೇಳೆ ಅದು ನಿಜವೆಂದೇ ಇಟ್ಟುಕೊಂಡರೂ, ಅದೇ ರಾಮರಾಯನ ಬಳಿ ಇದ್ದ ಐನುಲ್‌ಮುಲ್ಕ್ ಗಿಲಾನಿಯನ್ನು ನೆನೆಯದೆ ಹೋಗುವುದು ನ್ಯಾಯವಲ್ಲ. 1551ರಲ್ಲಿ ಸದಾಶಿವರಾಯ ಬೇವಿನಹಳ್ಳಿಯನ್ನು ಬ್ರಾಹ್ಮಣರಿಗೆ ದಾನವಾಗಿ ಕೊಟ್ಟದ್ದು ಈ ಗಿಲಾನಿ ಮಾಡಿಕೊಂಡ ಬಿನ್ನಹದ ಮೇಲೆ. ಬಿಜಾಪುರದ ಸೇನೆಯಲ್ಲಿ ಮರಾಠರಿದ್ದರು, ವಿಜಯನಗರದ ಸೇನೆಯಲ್ಲಿ ಮುಸಲ್ಮಾನರಿದ್ದರು. ಸೋಲಿಗೆ ಕಾರಣ ಹುಡುಕುವವರು ದಂಡಿನ ವ್ಯೂಹವನ್ನೂ ರಾಮರಾಯನ ರಾಜಕಾರಣವನ್ನೂ ನೋಡಬೇಕು. ಸೋತ ಮೇಲೆ ಬಂದವರ ಮೇಲೆ ಬೆರಳು ತೋರಿಸುವುದು ಎಲ್ಲ ಕಾಲದಲ್ಲಿಯೂ ಸುಲಭ.

ನಗರ ಅಳಿಯಿತು, ಕಾಲುವೆಗಳು ಉಳಿದವು. ಬಸವ ಕಾಲುವೆ, ರಾಯ ಕಾಲುವೆ, ತುರುತ್ತು ಕಾಲುವೆ, ರಾಮಸಾಗರದ ಕಾಲುವೆ, ಕಂಪ್ಲಿ ಕಾಲುವೆ ಎಂದು ಹೆಸರಾದ ಅವು ಇಂದಿಗೂ ಹರಿಯುತ್ತಿವೆ. ಕಂಪ್ಲಿಯ ಕಬ್ಬು, ಬಾಳೆ, ಭತ್ತಗಳಿಗೆ ನೀರುಣಿಸುತ್ತಿವೆ. 18ನೆಯ ಶತಮಾನದಲ್ಲಿ ಮರಾಠಾ ಘೋರ್ಪಡೆ ಮನೆತನ ಸಂಡೂರಿಗೆ ಬಂದು ನೆಲೆಸಿ, 1949ರಲ್ಲಿ ಸಂಸ್ಥಾನ ವಿಲೀನವಾಗುವವರೆಗೂ ಕನ್ನಡದ ಪ್ರಜೆಗಳನ್ನು ಆಳಿತು. ದಂಡುಗಳಿಗೆ ದವಸ ಉಪ್ಪು ಹೊತ್ತು ತಿರುಗುತ್ತಿದ್ದ ಲಂಬಾಣಿಗಳು ಈ ಬೆಟ್ಟಗಳ ಮಗ್ಗುಲಲ್ಲಿ ತಾಂಡಾ ಕಟ್ಟಿದರು. ಅವರ ಹೆಂಗಸರ ಕಸೂತಿ ಇಂದು ಸಂಡೂರಿನ ಹೆಸರನ್ನು ಹೊರದೇಶಗಳಿಗೆ ಒಯ್ದಿದೆ. ಆದರೆ ಜನ ಬಂದು ನೆಲೆಸುವ ದೊಡ್ಡ ಅಲೆ ಮತ್ತೆ ಎದ್ದದ್ದು ತುಂಗಭದ್ರಾ ಅಣೆಕಟ್ಟಿನಿಂದ.

1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆ ಬೆಂದುಹೋಗಿತ್ತು. ಹೊಳೆಗೆ ಅಡ್ಡಗಟ್ಟುವ ಯೋಚನೆ ದಶಕಗಳ ಕಾಲ ಕಾಗದದಲ್ಲಿ ಉಳಿದು, 1945ರ ಫೆಬ್ರವರಿ 28ರಂದು ಅಡಿಗಲ್ಲು ಬಿದ್ದಿತು. 1953ರ ಬೇಸಗೆಯ ಕೊನೆಗೆ ನೀರು ಕಾಲುವೆಗೆ ಬಂದಿತು. ಸುಮಾರು 90 ಹಳ್ಳಿಗಳು, ಐವತ್ತು ಸಾವಿರಕ್ಕೂ ಹೆಚ್ಚು ಜನರ ಮನೆಮಾರುಗಳು ನೀರಿನಡಿಗೆ ಹೋದವು. ನಾರಾಯಣದೇವರ ಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಹೀಗೆ ಮೊದಲು ವಲಸೆ ಹೋದವರು ಇಲ್ಲಿಯವರೇ.

ಅದೇ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅಂದೇ ಮದರಾಸಿನ ಬಳ್ಳಾರಿ ಜಿಲ್ಲೆ ಒಡೆದು, ಆಲೂರು, ಆದೋನಿ, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ, ಉಳಿದವು ಮೈಸೂರಿಗೂ ಸೇರಿದವು. ಬಳ್ಳಾರಿ ಯಾರದೆಂಬ ವಾದ ಆ ದಿನಗಳಲ್ಲಿ ಎಷ್ಟು ಕಾವೇರಿತ್ತೆಂದರೆ, ಹಿಂದಿನ ರಾತ್ರಿ ವಿಜಯೋತ್ಸವದ ಚಪ್ಪರವನ್ನು ಕಾಯುತ್ತಿದ್ದ ಪೈಲ್ವಾನ್ ರಂಜಾನ್ ಸಾಹೇಬರು ಆಮ್ಲದ ದಾಳಿಗೆ ತುತ್ತಾಗಿ ಪ್ರಾಣ ಬಿಟ್ಟರು. ಕನ್ನಡಕ್ಕಾಗಿ ಅಲ್ಲಿ ಜೀವ ತೆತ್ತವರು ಒಬ್ಬ ಮುಸಲ್ಮಾನ ಗರಡಿಯಾಳು. ಬಳ್ಳಾರಿ ರಾಘವರಂಥ ಮಹಾನಟರು ತೆಲುಗು, ಕನ್ನಡ, ಇಂಗ್ಲಿಷುಗಳಲ್ಲಿ ಸಮಾನವಾಗಿ ನಟಿಸಿ ಮೆರೆದ ಊರಿನಲ್ಲಿಯೇ ಭಾಷೆಯ ಹೆಸರಿನಲ್ಲಿ ಇಂಥ ಕಹಿ ಬೆಳೆದಿತ್ತು.

ಈ ಗಾಯ ಹಸಿಯಾಗಿರುವಾಗಲೇ ತೆಲುಗು ರೈತರು ಬಂದರು. ಗೋದಾವರಿ, ಕೃಷ್ಣಾ, ಗುಂಟೂರು ಜಿಲ್ಲೆಗಳಿಂದ, ಒಂದು ನೂರು ವರ್ಷಗಳ ಕಾಲ ಅಣೆಕಟ್ಟಿನ ನೀರಿನಲ್ಲಿ ಭತ್ತ ಬೆಳೆದು ಪಳಗಿದ್ದವರು. ಅಲ್ಲಿ ಒಂದು ಎಕರೆ ಮಾರಿದ ಹಣಕ್ಕೆ ಇಲ್ಲಿ ಹಲವು ಎಕರೆ ಬರುತ್ತಿತ್ತು. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ, ಕಂಪ್ಲಿಗಳ ಸುತ್ತ ಅವರು ಗುಡಿಸಲು ಹಾಕಿಕೊಂಡು ನೆಲ ಸಮಮಾಡಲು ತೊಡಗಿದರು. ಆ ಬೀಡುಗಳಿಗೆ ಕ್ಯಾಂಪ್ ಎಂದು ಹೆಸರಾಯಿತು. ಗುಡಿಸಲುಗಳು ತಾರಸಿ ಮನೆಗಳಾದವು, ಶ್ರೀರಾಮನಗರದಂಥ ದೊಡ್ಡ ಊರುಗಳು ಬೆಳೆದವು. ಆದರೆ ಎಪ್ಪತ್ತು ವರ್ಷ ಕಳೆದರೂ ಕ್ಯಾಂಪ್ ಎಂಬ ಮಾತು ಹೋಗಿಲ್ಲ. ತಾತ್ಕಾಲಿಕವಾಗಿ ಬಂದವರೆಂಬ ಅರ್ಥದ ಹೆಸರು ಅಲ್ಲಿಯೇ ಹುಟ್ಟಿ ಅಲ್ಲಿಯೇ ಮುದುಕರಾದವರ ಊರಿಗೂ ಅಂಟಿಕೊಂಡಿದೆ.

ಅವರು ಸಾಧಿಸಿದ್ದು ಸಣ್ಣದಲ್ಲ. ಜೋಳ, ಸಜ್ಜೆ, ಹತ್ತಿ ಬಿತ್ತಿ ಮಳೆಗಾಗಿ ಮುಗಿಲು ನೋಡುತ್ತಿದ್ದ ಎರೆನೆಲ ಭತ್ತದ ಕಣಜವಾಯಿತು. ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳು ಎದ್ದವು. ಇಲ್ಲಿಯ ಸೋನಾ ಮಸೂರಿ ಬೆಂಗಳೂರಿನ ಊಟದೆಲೆಗೆ ಬಂತು. ನೋಡಿ ಕಲಿತ ಸ್ಥಳೀಯ ರೈತರೂ ನಾಟಿ ಮಾಡಿದರು, ಗೆದ್ದರು. ಮಕ್ಕಳು ಕನ್ನಡ ಶಾಲೆಗೆ ಹೋದರು. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಎಂಬುದು ಸಹಜವಾಯಿತು. 1953ರ ಆ ಕಹಿಯನ್ನು ನೆನೆದರೆ, ಹೊಲಗಳ ನಡುವೆ ಅದು ಕಿಚ್ಚಾಗಿ ಹಬ್ಬದೆ ಹೋದುದು ಎರಡು ಕಡೆಯ ಸಾಮಾನ್ಯ ಜನರ ದೊಡ್ಡತನವೆಂದೇ ಹೇಳಬೇಕು.

ಆದರೆ ಈ ಏಳಿಗೆ ಎಲ್ಲರ ಪಾಲಿಗೂ ಸಮನಾಗಿ ಬರಲಿಲ್ಲ. ಎಡದಂಡೆಯ ಕಾಲುವೆ ಸುಮಾರು 227 ಕಿಲೋಮೀಟರು ಉದ್ದದ್ದು. ಸುಮಾರು ಆರು ಲಕ್ಷ ಎಕರೆಗೆ ನೀರುಣಿಸಬೇಕೆಂದು ಯೋಜಿಸಿದ್ದು. ಅದರಲ್ಲಿ ಹೆಚ್ಚಿನ ಭಾಗ ಜೋಳ, ಹತ್ತಿ, ಶೇಂಗಾಗಳಂಥ ಅರೆನೀರಾವರಿ ಬೆಳೆಗೆಂದು ಗೊತ್ತುಮಾಡಿದ್ದು. ಬರದ ನಾಡಿನ ನೀರು ತೆಳ್ಳಗೆ ಹರಡಿ ಎಲ್ಲರಿಗೂ ಒಂದಿಷ್ಟು ಮುಟ್ಟಲಿ ಎಂಬುದು ಅದರ ಹಿಂದಿನ ತತ್ತ್ವ. ಕಾಲುವೆಯ ತಲೆಯ ಭಾಗದಲ್ಲಿ ಭತ್ತದ ಗದ್ದೆಗಳು ಹರಡಿದಂತೆ ಕೊನೆಯ ಭಾಗದ ರೈತನಿಗೆ, ರಾಯಚೂರಿನ ಕಡೆಯವನಿಗೆ, ನೀರು ಬರುವುದು ಅಪರೂಪವಾಯಿತು. ತಲೆಯ ಭಾಗದಲ್ಲಿಯೂ ನೀರಾವರಿಗೆ ಬೇಕಾದ ಬಂಡವಾಳವಿಲ್ಲದ ಎಷ್ಟೋ ಸ್ಥಳೀಯ ಕುಟುಂಬಗಳು ಹೊಲವನ್ನು ಅಗ್ಗಕ್ಕೆ ಮಾರಿ, ತಾವು ಮಾರಿದ ಹೊಲದಲ್ಲಿಯೇ ನಾಟಿಯ ಕೂಲಿಗೆ ನಿಂತವು. ಕೊನೆಯ ಭಾಗದ ಹಳ್ಳಿಗಳಿಂದ ಇಂದಿಗೂ ಜನ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಒಂದೇ ಕಾಲುವೆ ತಲೆಯಲ್ಲಿ ವಲಸೆ ಬಂದವರನ್ನೂ ಬಾಲದಲ್ಲಿ ವಲಸೆ ಹೋಗುವವರನ್ನೂ ಸೃಷ್ಟಿಸಿತು.

ಇದರ ತಪ್ಪನ್ನು ಕ್ಯಾಂಪಿನ ರೈತನ ಮೇಲೆ ಹೊರಿಸುವವರಿದ್ದಾರೆ. ನಾನು ಹಾಗೆ ಹೇಳಲಾರೆ. ಅವನು ತನಗೆ ಗೊತ್ತಿದ್ದ ಬೇಸಾಯವನ್ನು ಮಾಡಿದ, ಹಣ ಕೊಟ್ಟು ನೆಲ ಕೊಂಡ. ಇಲ್ಲದೆ ಹೋದದ್ದು ಕೌಲು. ಬರುವವನು ಎಷ್ಟು ನೀರು ಬಳಸಬೇಕು, ಇದ್ದವನಿಗೆ ನೆಲ ಹದಮಾಡಿಕೊಳ್ಳಲು ಸಾಲ ಎಲ್ಲಿಂದ ಸಿಗಬೇಕು, ಮಾರದೆ ಉಳಿಯಲು ಅವನಿಗೆ ಎಷ್ಟು ವರ್ಷದ ಬೆಂಬಲ ಬೇಕು ಎಂಬುದನ್ನು ಯಾರೂ ಮೊದಲೇ ಗಟ್ಟಿಯಾಗಿ ನಿಶ್ಚಯಿಸಲಿಲ್ಲ. ಕಾಗದದಲ್ಲಿ ನಿಶ್ಚಯಿಸಿದ್ದನ್ನು ತೂಬಿನ ಬಳಿ ಕಾಯಲಿಲ್ಲ. ನಾಗಲಾಪುರದ ಒಂಬತ್ತು ವರ್ಷದ ವಿನಾಯಿತಿ ಹೊಲ ಹದಮಾಡುವ ಕೈಗೆ ಸಿಕ್ಕಿತ್ತು. 1953ರ ನೀರು ಹಣವಿದ್ದ ಕೈಗೆ ಮೊದಲು ಸಿಕ್ಕಿತು.

ಸರ್ಕಾರವೇ ಮುಂದೆ ನಿಂತು ನೆಲೆ ಕೊಟ್ಟ ಉದಾಹರಣೆಗಳೂ ನಮ್ಮ ರಾಜ್ಯದಲ್ಲಿವೆ. 1961ರಲ್ಲಿ ಬೈಲುಕುಪ್ಪೆಯಲ್ಲಿ, 1966ರಲ್ಲಿ ಮುಂಡಗೋಡಿನಲ್ಲಿ ಟಿಬೆಟಿನ ನಿರಾಶ್ರಿತರಿಗೆ ಜಮೀನು ಕೊಟ್ಟು ಕರಾರಿನ ಮೇಲೆ ನೆಲೆಗೊಳಿಸಿದರು. ಅವರು ಇಂದು ಮೆಕ್ಕೆಜೋಳ ಬೆಳೆದು, ಸುತ್ತಿನ ಹಳ್ಳಿಯವರೊಡನೆ ಕನ್ನಡದಲ್ಲಿ ವ್ಯವಹರಿಸುತ್ತಾರೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳಿಗೆ ಸಿಂಧನೂರಿನ ಬಳಿ ನೆಲ ಕೊಟ್ಟರು. ಅವರು ಬೇಸಾಯ ಕಲಿತರು, ಕನ್ನಡ ಕಲಿತರು. ಆದರೆ ಅವರಲ್ಲಿ ಪೌರತ್ವದ ಒಂದು ಕಾಗದಕ್ಕಾಗಿ ದಶಕಗಳ ಕಾಲ ಕಚೇರಿಯಿಂದ ಕಚೇರಿಗೆ ಅಲೆದ ಕುಟುಂಬಗಳಿವೆ. ನೆಲ ಕೊಟ್ಟರೂ ಹೆಸರು ಕೊಡದೆ ಹೋದರೆ ಕೌಲು ಅರ್ಧವಾಗಿಯೇ ಉಳಿಯುತ್ತದೆ.

ಈಗ ಹೊಸ ಅಲೆಯೊಂದು ಬಂದಿದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ, ಹೊಸಪೇಟೆಯ ಕಟ್ಟಡಗಳಿಗೆ ಒಡಿಶಾ, ಬಿಹಾರ, ಜಾರ್ಖಂಡ್‌ಗಳಿಂದ ಯುವಕರು ಬರುತ್ತಿದ್ದಾರೆ. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಕಂಪ್ಲಿ ತಾಲ್ಲೂಕಾಗಿ ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿಯಿತು. ಊರು ಬೆಳೆದಂತೆ ಇನ್ನೂ ಜನ ಬರುತ್ತಾರೆ. 2020ರ ಲಾಕ್‌ಡೌನಿನಲ್ಲಿ ನಾಡಿನಾದ್ಯಂತ ಇಂಥವರು ಹೆದ್ದಾರಿಗಳಲ್ಲಿ ಕಾಲ್ನಡಿಗೆಯಲ್ಲಿ ಹೊರಟದ್ದನ್ನು ನಾವೆಲ್ಲ ನೋಡಿದೆವು. ವರ್ಷಗಟ್ಟಲೆ ದುಡಿದ ಊರಿನಲ್ಲಿ ಅವರಿಗೆ ಒಂದು ತಿಂಗಳು ತಂಗಲು ಧೈರ್ಯ ಬರಲಿಲ್ಲ. ಬಾಡಿಗೆಯ ಕೋಣೆ, ಪಡಿತರ, ಮಗುವಿಗೆ ಶಾಲೆ, ಕನ್ನಡ ಕಲಿಯಲು ಸಂಜೆಯ ಒಂದು ತರಗತಿ ಇವುಗಳನ್ನು ಒದಗಿಸುವುದು ಪುರಸಭೆ, ನಗರಸಭೆಗಳ ಕೈಮೀರಿದ ಕೆಲಸವಲ್ಲ. ಅದರ ಜೊತೆಗೆ, ಅದೇ ಕೂಲಿಗೆ ಕೈಯೊಡ್ಡಿ ನಿಂತ ಊರಿನ ಹುಡುಗನಿಗೆ ಕಸುಬು ಕಲಿಸುವ ಹೊಣೆಯೂ ಇದೆ. ಈ ಎರಡನೆಯದನ್ನು ಮರೆತ ಕಡೆಯಲ್ಲೆಲ್ಲ ಮೊದಲನೆಯದರ ಮೇಲೆ ಸಿಟ್ಟು ಬೆಳೆದಿದೆ.

ಮಳೆಗಾಲದಲ್ಲಿ ಅಣೆಕಟ್ಟಿನ ಬಾಗಿಲುಗಳನ್ನು ತೆರೆದಾಗ ಕಂಪ್ಲಿಯ ಸೇತುವೆ ನೀರಿನಲ್ಲಿ ಮುಳುಗುತ್ತದೆ. ಗಂಗಾವತಿಯ ದಾರಿ ಕಡಿದುಹೋಗುತ್ತದೆ. ಆಗ ಈಚೆಯ ದಡದ ವ್ಯಾಪಾರಿಗೂ ಆಚೆಯ ದಡದ ರೈತನಿಗೂ, ಕನ್ನಡದವನಿಗೂ ತೆಲುಗಿನವನಿಗೂ ಆಗುವ ನಷ್ಟ ಒಂದೇ. ಕಂಪಿಲರಾಯ ಒಬ್ಬನ ಪ್ರಾಣಕ್ಕಾಗಿ ತನ್ನ ಪ್ರಾಣ ಕೊಟ್ಟ ನೆಲವಿದು. ಇಂದು ನಮ್ಮನ್ನು ಯಾರೂ ಅಷ್ಟು ಕೇಳುತ್ತಿಲ್ಲ. ಕಾಲುವೆಯ ಕೊನೆಯವರೆಗೂ ನೀರು ಮುಟ್ಟುವಂತೆ ತೂಬು ಕಾಯುವುದನ್ನು, ಬಂದವರ ಹೆಸರನ್ನು ಊರಿನ ಪುಸ್ತಕದಲ್ಲಿ ಬರೆದುಕೊಳ್ಳುವುದನ್ನು ಮಾತ್ರ ಕೇಳುತ್ತಿದ್ದಾರೆ.